ಆರು ಗಂಟೆ ಬೊಗ್ಗ ಒಬ್ಬನೇ: ನನ್ನ ಅನುಭವ

ನಮ್ಮ ನಾಯಿ ಬೊಗ್ಗ ಈಗ ಮುಚ್ಚಿದ ಮನೆಯೊಳಗೆ ಆರು ಗಂಟೆ ಒಬ್ಬನೇ ಇರುತ್ತಾನೆ. ಬಾಗಿಲು ಕೆರೆಯುವುದಿಲ್ಲ, ಊಳಿಡುವುದಿಲ್ಲ, ಒಳಗೆ ಗಲೀಜು ಮಾಡುವುದಿಲ್ಲ. ಇದು ಆಗಿಹೋಗುವ ಕೆಲಸವಲ್ಲ ಎಂದು ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕದವರೆಗಿನ ನೆಂಟರೆಲ್ಲ ತೀರ್ಪು ಕೊಟ್ಟಿದ್ದರು. ‘ಊರ ನಾಯಿಗೆ ಎಂಥ ಪಾಠ? ಸಂಕಲೆ ಹಾಕಿ ಕೊಟ್ಟಿಗೆಯಲ್ಲಿ ಕಟ್ಟು’ ಎಂದವರೇ ಈಗ ಫೋನ್ ಮಾಡಿ ‘ಹೇಗೆ ಮಾಡಿದೆ?’ ಎನ್ನುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಬೊಗ್ಗ ಬಂದದ್ದು 2020ರ ಮಳೆಗಾಲದಲ್ಲಿ. ಆ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ್ದು ಇಲ್ಲಿ ಯಾರಿಗೂ ಮರೆತಿರಲಾರದು. ನನ್ನ ಮಂಗಳೂರಿನ ಕಚೇರಿ ಮನೆಯ ಊಟದ ಮೇಜಿಗೆ ಬಂತು, ಹೆಂಡತಿಯ ಶಾಲೆ ಮೊಬೈಲಿಗೆ ಬಂತು. ಖಾಲಿ ಮನೆ ಎಂಬುದೊಂದಿದೆ ಎಂದು ತಿಳಿಯದೆಯೇ ಮರಿ ಬೆಳೆದು ದೊಡ್ಡ ನಾಯಿಯಾಯಿತು. ಮುಂದೆ ನಾವಿಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಬರುವ ದಿನಗಳು ಶುರುವಾದಾಗ ಹಲಸಿನ ಮರದ ಬಾಗಿಲಿನ ಕೆಳಹಲಗೆ ವಾರದೊಳಗೆ ಸಿಗಿದುಹೋಯಿತು. ಬಡಗಿಗೆ ಮೂರೂವರೆ ಸಾವಿರವೋ ನಾಲ್ಕೋ ಕೊಟ್ಟ ನೆನಪು.

ಸಂಕಲೆಯನ್ನೂ ನೋಡಿದ್ದಾಯಿತು. ಎಳೆದೆಳೆದು ಕೊರಳಿನ ಕೂದಲು ಹೋಗಿ ಹುಣ್ಣಾಯಿತು. ಮುಳಿಯಾರು, ಕಾರಡ್ಕದ ಕಡೆ ಚಿರತೆ ತಿರುಗುವ ಸುದ್ದಿ ಬೇರೆ. ಹೊರಗೆ ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ. ಆಮೇಲೆ ಕಬ್ಬಿಣದ ಗೂಡು, ಸುಮಾರು ಒಂಬತ್ತು ಸಾವಿರ. ಸರಳು ಕಚ್ಚಿ ಒಂದು ಹಲ್ಲಿನ ತುದಿ ಮುರಿಯಿತು. ಗೂಡು ಅರ್ಧ ಬೆಲೆಗೆ ಹೋಯಿತು, ಈಗ ಯಾರದೋ ಕೋಳಿಗಳಿಗೆ ಅರಮನೆ. ಮಂಗಳೂರಿನಿಂದ ತರಬೇತಿಯವರೊಬ್ಬರನ್ನು ಕರೆಸಿದೆ, ಅದಕ್ಕೂ ಎಂಟು ಸಾವಿರದ ಹತ್ತಿರ ಹತ್ತಿರ. ಅವರು ಇರುವಷ್ಟು ಹೊತ್ತು ಬೊಗ್ಗ ಸಾಧು ಸಂತ. ಮನುಷ್ಯರಿದ್ದರೆ ತೊಂದರೆಯೇ ಇಲ್ಲದ ನಾಯಿಗೆ ಮನುಷ್ಯರು ನಿಂತು ಪಾಠ ಹೇಳಿದರೆ ಏನು ಪ್ರಯೋಜನ? ಕೊನೆಗೆ ಜೊತೆಗೆಂದು ಇನ್ನೊಂದು ಮರಿ. ಅಲ್ಲಿಯತನಕ ಒಬ್ಬ ಊಳಿಡುತ್ತಿದ್ದ, ಆಮೇಲೆ ಇಬ್ಬರು. ಆ ಮರಿ ಈಗ ಅತ್ತೆಯ ಮನೆಯಲ್ಲಿ ಚೆನ್ನಾಗಿ ಕೊಬ್ಬಿದೆ.

ದಾರಿ ತೋರಿಸಿದ್ದು ಕಪಾಟಿನ ಮೇಲಿಟ್ಟ ಹಳೆಯ ಮೊಬೈಲಿನ ಕ್ಯಾಮೆರಾ. ರಂಪವೆಲ್ಲ ಮೊದಲ ಅರ್ಧ ಗಂಟೆಯದು. ಏದುಸಿರು, ಜೊಲ್ಲು ಶುರುವಾಗುವುದು ಅದಕ್ಕೂ ಮೊದಲೇ, ನಾನು ಹೆಲ್ಮೆಟ್ಟಿಗೆ ಕೈ ಹಾಕಿದಾಗ. ಹಾಗಾಗಿ ಕೆಲವು ವಾರ ಹೆಲ್ಮೆಟ್ ಹಾಕಿಕೊಂಡು ಜಗಲಿಯಲ್ಲಿ ಕುಳಿತು ಚಹಾ ಕುಡಿದೆ. ಬೀಗದ ಕೈ ಗೊಂಚಲು ಆಡಿಸುತ್ತಾ ಟಿವಿ ನೋಡಿದೆ. ಪಕ್ಕದ ಮನೆಯವರು ಹೆಂಡತಿಯನ್ನು ಕರೆದು ಮೆತ್ತಗೆ ವಿಚಾರಿಸಿದರು. ಬೊಗ್ಗನಿಗೆ ಮಾತ್ರ ಹೆಲ್ಮೆಟ್ ಎಂದರೆ ಏನೂ ಅಲ್ಲ ಎಂಬಂತಾಯಿತು.

ಆಮೇಲೆ ಹೊರಗೆ ಹೋಗಿ ಬರುವ ಅಭ್ಯಾಸ. ಹತ್ತು ಸೆಕೆಂಡು, ಎರಡು ನಿಮಿಷ, ಮತ್ತೆ ಅರ್ಧ ನಿಮಿಷ, ಐದು ನಿಮಿಷ. ಏರಿಸುತ್ತಲೇ ಹೋದರೆ ನಾಯಿ ಲೆಕ್ಕ ಹಿಡಿಯುತ್ತದೆ, ನಡುನಡುವೆ ಇಳಿಸಬೇಕು. ಅರ್ಧ ಗಂಟೆ ಮುಟ್ಟಲು ಒಂದೂವರೆ ತಿಂಗಳಾಗಿರಬೇಕು. ಅಲ್ಲಿಂದ ಮೂರು ಗಂಟೆಗೆ ಅಷ್ಟು ಕಾಲ ಬೇಕಾಗಲಿಲ್ಲ. ಎಲ್ಲರೂ ಜಾರುವುದು ಒಂದೇ ಕಡೆ: ಈ ಅಭ್ಯಾಸದ ನಡುವೆ ನಾಯಿಯನ್ನು ಅದರ ತಾಳ್ಮೆ ಮೀರಿ ಒಂದು ದಿನವೂ ಒಂಟಿಯಾಗಿ ಬಿಡಬಾರದು. ಹೆಂಡತಿಯ ರಜೆ ಕರಗಿತು, ನನ್ನದೂ ಕರಗಿತು. ಉಳಿದ ದಿನ ತೋಟದ ಆಚೆಯ ಮನೆಯಲ್ಲಿ ದಿನಕ್ಕೆ ನೂರು ರೂಪಾಯಿ ಕೊಟ್ಟು ಬಿಟ್ಟೆವು. ಬಾಗಿಲು, ಗೂಡುಗಳಿಗೆ ಸುರಿದ ಹಣದ ಮುಂದೆ ಅದು ಅಗ್ಗ.

ಬಾಯಿಗೆ ಕೆಲಸ ಕೊಡುವ ವಿಷಯದಲ್ಲೂ ಪ್ರಯೋಗ ನಡೆಯಿತು. ತೆಂಗಿನ ಗೆರಟೆಯಲ್ಲಿ ಅನ್ನ ತುಂಬಿಸಿಟ್ಟೆ, ಚಕ್ಕೆ ಎದ್ದಿತು. ಅಡಿಕೆ ಹಾಳೆಯಲ್ಲಿ ಸುತ್ತಿಟ್ಟೆ, ಅನ್ನದ ಜೊತೆ ಹಾಳೆಯ ನಾರೂ ಹೊಟ್ಟೆಗೆ ಹೋಯಿತು. ಕೊನೆಗೆ ಐನೂರಕ್ಕೂ ಹೆಚ್ಚು ಬೆಲೆಯ ದಪ್ಪ ರಬ್ಬರಿನ ಟೊಳ್ಳು ಆಟಿಕೆಯೇ ಗತಿಯಾಯಿತು. ಮೊಸರನ್ನ ತುಂಬಿಸಿ ಫ್ರೀಜರಿನಲ್ಲಿಟ್ಟರೆ ಮುಕ್ಕಾಲು ಗಂಟೆ ನೆಕ್ಕುತ್ತಾನೆ. ಆಟಿಕೆಯ ಬಾಯಿಗೆ ಮೆತ್ತುವುದು ಏನನ್ನು ಎಂದು ಮಾತ್ರ ಹೇಳುವುದಿಲ್ಲ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಅಲ್ಲ, ಅವು ನಾಯಿಗೆ ವಿಷ. ಬಂದು ನೋಡಿದಾಗ ಆಟಿಕೆ ತುಂಬಿದಂತೆಯೇ ಇದ್ದರೆ ನಾಯಿ ಹೆದರಿತ್ತು ಎಂದೇ ತಿಳಿಯಿರಿ, ಮರುದಿನ ಸಮಯ ಇಳಿಸಿ.

ತೋಟದವರಿಗೆ ಇನ್ನೊಂದು ಮಾತು. ಅಂಗಳದಲ್ಲಿ ಹರಡಿದ ಅಡಿಕೆಯ ಹತ್ತಿರ ನಾಯಿಯನ್ನು ಒಂಟಿಯಾಗಿ ಬಿಡಬೇಡಿ. ಅಡಿಕೆಯಲ್ಲಿರುವ ಅರಿಕೊಲಿನ್ ಎಂಬ ರಾಸಾಯನಿಕ ಹಿಂದೆ ನಾಯಿಗಳ ಲಾಡಿಹುಳುವಿಗೆ ಮದ್ದಾಗಿತ್ತು. ಕರುಳು ಕಿತ್ತು ಬರುವಂತೆ ಭೇದಿಯಾಗುತ್ತಿತ್ತು. ತೋಟಕ್ಕೆ ಸಿಂಪಡಿಸುವ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಬಕೆಟ್ಟಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

ರೇಡಿಯೊ ಹಾಕಿಟ್ಟೂ ನೋಡಿದೆ. ಮಂಗಳೂರು ಆಕಾಶವಾಣಿಯ ವಾರ್ತೆಗೆ ನಿದ್ದೆ, ಯಕ್ಷಗಾನದ ಚೆಂಡೆಗೆ ಊಳು. ಫ್ಯಾನಿನ ಸದ್ದೇ ವಾಸಿ, ರಸ್ತೆಯ ರಿಕ್ಷಾಗಳ ಸದ್ದನ್ನೂ ಮುಚ್ಚುತ್ತದೆ.

ಆರು ಗಂಟೆಗೇ ಏಕೆ ನಿಲ್ಲಿಸಿದೆ ಎಂದು ಕೇಳುವವರಿದ್ದಾರೆ. ಎಂಟರ ತನಕ ತಡೆದುಕೊಳ್ಳುವ ನಾಯಿಗಳಿವೆ, ಆದರೆ ತಡೆದುಕೊಳ್ಳುವುದು ಬೇರೆ, ಸುಖವಾಗಿರುವುದು ಬೇರೆ. ಸ್ವೀಡನ್ ದೇಶದಲ್ಲಂತೂ ಹಗಲಿನಲ್ಲಿ ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಬಿಡಬೇಕೆಂಬ ನಿಯಮವೇ ಇದೆ. ಮರಿಗಳಿಗೆ ತಿಂಗಳಿಗೊಂದು ಗಂಟೆಯ ಲೆಕ್ಕ: ಮೂರು ತಿಂಗಳ ಮರಿಗೆ ಮೂರು, ಹೆಚ್ಚೆಂದರೆ ನಾಲ್ಕು ಗಂಟೆ. ಮುದಿ ನಾಯಿಗೂ ಅವಧಿ ಇಳಿಸಬೇಕು. ನಮ್ಮದು ಹತ್ತು ಗಂಟೆಯ ಗೈರುಹಾಜರಿ. ಆದ್ದರಿಂದ ಮಧ್ಯಾಹ್ನ ತೋಟದಾಚೆಯ ಮನೆಯವರು ಬಂದು, ಬೀಗ ತೆಗೆದು, ಅರ್ಧ ಗಂಟೆ ಅವನನ್ನು ತಿರುಗಾಡಿಸಿ, ನೀರು ಬದಲಿಸಿ ಹೋಗುತ್ತಾರೆ. ತಿಂಗಳಿಗೆ ಒಂದೂವರೆ ಸಾವಿರ. ವಿದ್ಯುತ್ ಬಿಲ್ ತಡವಾದೀತು, ಇದು ತಡವಾಗುವುದಿಲ್ಲ.

ತುಲಾ ಮಾಸದ (ಅಕ್ಟೋಬರ್–ನವೆಂಬರ್) ಸಂಜೆ ಸಿಡಿಲಿಗೆ ಮಾತ್ರ ನನ್ನ ವಿದ್ಯೆ ನಡೆಯುವುದಿಲ್ಲ. ಮಧ್ಯಾಹ್ನದ ಮೇಲೆ ಪೂರ್ವದಲ್ಲಿ ಮೋಡ ಕಟ್ಟಿದರೆ ಅವರಿಗೆ ಫೋನ್ ಮಾಡುತ್ತೇನೆ. ನಾವು ಬರುವ ತನಕ ಬೊಗ್ಗನ ಜೊತೆ ಕುಳಿತಿರುತ್ತಾರೆ, ಆ ದಿನದ ಲೆಕ್ಕ ಬೇರೆ. ದೀಪಾವಳಿಗೆ ಅತ್ತೆಯ ಮನೆಯಿಂದ ಎಷ್ಟೇ ಕರೆ ಬಂದರೂ ನಮ್ಮಿಬ್ಬರಲ್ಲಿ ಒಬ್ಬರೇ ಹೋಗುವುದು.