ಟೀಚರ್ ಕೆಲಸದ ನಂತರ ಮನೆಯಲ್ಲೇ ಡೇ ಕೇರ್: ಶುರು ಮಾಡುವುದು ಹೇಗೆ?

ಹೆರಿಗೆ ರಜೆ ಮುಗಿಯುತ್ತಾ ಬಂತು, ಮಗುವನ್ನು ಯಾರ ಹತ್ತಿರ ಬಿಡುವುದು? ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಇದೇ ಚಿಂತೆ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದು ಕಾನೂನು ಹೇಳುತ್ತದೆ. ಸಣ್ಣ ಆಫೀಸು, ಅಂಗಡಿಗಳಲ್ಲಿ ದುಡಿಯುವ ತಾಯಂದಿರಿಗೆ ಆ ಅನುಕೂಲ ಇಲ್ಲ. ಅವರಿಗೆ ಪಕ್ಕದ ಬೀದಿಯಲ್ಲೇ ನಂಬಿಕೆಯ ಮನೆ ಬೇಕು. ಶಾಲೆ ಬಿಟ್ಟ ಟೀಚರ್‌ಗಳು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತಾರೆ, ಒಂದು ಅಭ್ಯಾಸ ಬಿಟ್ಟರೆ.

ಅದು ಪಾಠ ಮಾಡುವ ಅಭ್ಯಾಸ. ಗೋಡೆಗೆ ಅ ಆ ಇ ಈ ಚಾರ್ಟ್ ಹಾಕುವ ಆಸೆಯನ್ನು ಮೊದಲು ಪಕ್ಕಕ್ಕಿಡಿ. ಒಂದೂವರೆ ವರ್ಷದ ಮಗುವಿಗೆ ಬೇಕಾಗಿರುವುದು ಹೊತ್ತಿಗೆ ಊಟ, ನಿದ್ದೆ, ಎತ್ತಿಕೊಳ್ಳುವ ಕೈ, ಮಾತಾಡಿಸುವ ಬಾಯಿ. ಪಾತ್ರೆ ಬಡಿಯಲಿ, ಅವರೆಕಾಯಿ ಸುಲಿಯುವುದನ್ನು ನೋಡಲಿ. ಎರಡು ವರ್ಷದೊಳಗಿನವರಿಗೆ ಟಿವಿ, ಮೊಬೈಲ್ ಬೇಡವೇ ಬೇಡ.

ಆಮೇಲೆ ಮನೆ ನೋಡಿ. ನೆಲದ ಮೇಲೆ ಕೂತು, ಮಗುವಿನ ಎತ್ತರದಿಂದ ನೋಡಿ. ಸಂಪಿನ ಮುಚ್ಚಳಕ್ಕೆ ಬೀಗ ಇದೆಯಾ? ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಇದೆಯಾ? ಒಂದೆರಡು ಇಂಚು ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ. ಬಾಲ್ಕನಿ ಗ್ರಿಲ್, ಪ್ಲಗ್ ತೂತು, ಸೊಳ್ಳೆ ಔಷಧಿ, ಫಿನಾಯಿಲ್, ರಿಮೋಟಿನ ಬಟನ್ ಸೆಲ್, ಅಡುಗೆಮನೆ ಬಾಗಿಲು, ಎಲ್ಲವನ್ನೂ ಸರಿ ಮಾಡಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಇಡೀ ಕಡಲೆಬೀಜ, ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಹಸುಗೂಸನ್ನು ಅಂಗಾತ ಮಲಗಿಸಿ, ದಿಂಬು ಬೇಡ. ಮಗು ಉಸಿರು ಕಟ್ಟಿದಾಗ ಏನು ಮಾಡಬೇಕು ಅನ್ನುವುದನ್ನು ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಕೈಯಾರೆ ಮಾಡಿ ಕಲಿಯಿರಿ. ವಿಡಿಯೊ ನೋಡಿದರೆ ಸಾಲದು. ಬಾಗಿಲ ಹಿಂದೆ 108, 112 ಮತ್ತು ಹತ್ತಿರದ ಮಕ್ಕಳ ಡಾಕ್ಟರ್ ನಂಬರ್ ಅಂಟಿಸಿ.

ಕಾಗದಪತ್ರದ ಕೆಲಸ ಜಾಸ್ತಿ ಇಲ್ಲ, ಆದರೆ ತಪ್ಪಿಸಬೇಡಿ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ, ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಲೈಸೆನ್ಸ್ ಬೇಕೇ ಎಂದು ಪಾಲಿಕೆ ಮತ್ತು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ವಿಚಾರಿಸಿ. ಸಹಾಯಕ್ಕೆ ಯಾರನ್ನಾದರೂ ಇಟ್ಟುಕೊಂಡರೆ ಪೊಲೀಸ್ ವೆರಿಫಿಕೇಷನ್ ಮಾಡಿಸಿ.

ಮಕ್ಕಳ ಸಂಖ್ಯೆ? ಒಬ್ಬರೇ ಇದ್ದರೆ ಎರಡು ಅಥವಾ ಮೂರಕ್ಕಿಂತ ಹೆಚ್ಚು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಸಂಭಾಳಿಸಿದ ಧೈರ್ಯ ಇಲ್ಲಿ ನಡೆಯುವುದಿಲ್ಲ. ಒಂದು ಮಗುವಿನ ಡೈಪರ್ ಬದಲಿಸುವಾಗ ಇನ್ನೊಂದು ಸೋಫಾ ಹತ್ತಿರುತ್ತದೆ.

ದುಡ್ಡಿನ ಮಾತಿಗೆ ಟೀಚರ್‌ಗಳು ನಾಚುತ್ತಾರೆ. ನಾಚಬೇಡಿ, ಇದು ದುಡಿಮೆ. ತರಕಾರಿ, ಗ್ಯಾಸ್, ಕರೆಂಟ್, ಕೆಲಸದವರ ಸಂಬಳ ಲೆಕ್ಕ ಹಾಕಿ, ಅದರ ಮೇಲೆ ನಿಮ್ಮ ಸಮಯದ ಬೆಲೆ ಸೇರಿಸಿ. ಒಂದು ಹಾಳೆಯಲ್ಲಿ ಎಲ್ಲ ಬರೆದು ಇಬ್ಬರೂ ಸಹಿ ಹಾಕಿ: ತಿಂಗಳ ಫೀಸ್ ಯಾವಾಗ, ಮಗು ಬಾರದ ದಿನಕ್ಕೂ ಉಂಟೇ, ಸಂಜೆ ತಡವಾದರೆ ಎಷ್ಟು, ನಿಮ್ಮ ರಜೆ ಯಾವಾಗ. ಜ್ವರ ಇರುವ ಮಗುವನ್ನು ಕರೆತರುವಂತಿಲ್ಲ ಎಂದು ಮೊದಲೇ ಹೇಳಿ. ತಾಯಿ ಕಾರ್ಡ್‌ನಲ್ಲಿ ಲಸಿಕೆಗಳನ್ನು ನೋಡಿ, ಅಲರ್ಜಿ ಕೇಳಿ. ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಅನ್ನುವುದು ಫೋಟೊ ಸಮೇತ ಇರಲಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ವಂತ ಚಿಕ್ಕಪ್ಪನೇ ಬಂದರೂ ತಾಯಿಗೆ ಫೋನ್ ಮಾಡದೆ ಕಳಿಸಬೇಡಿ.

ಮೊದಲ ವಾರ ಆತುರ ಬೇಡ. ಮೊದಲ ದಿನ ಅಮ್ಮನೂ ಜೊತೆಗೆ ಕೂರಲಿ. ಮರುದಿನ ಅರ್ಧ ಗಂಟೆ ಹೊರಗೆ ಹೋಗಿ ಬರಲಿ, ಹೋಗುವಾಗ ಮಗುವಿಗೆ ಹೇಳಿಯೇ ಹೋಗಲಿ. ಕದ್ದು ಹೋದರೆ ಮಗು ಮಾರನೇ ದಿನ ಬಾಗಿಲಲ್ಲೇ ಅಳುತ್ತದೆ. ಮಗು ನಿಮ್ಮ ಕೈಯಲ್ಲಿ ಉಂಡು ಮಲಗಿದ ಮೇಲೆ ಪೂರ್ತಿ ದಿನಕ್ಕೆ ಒಪ್ಪಿಕೊಳ್ಳಿ, ಎರಡನೇ ಮಗುವನ್ನು ಅದರ ನಂತರ ಸೇರಿಸಿಕೊಳ್ಳಿ.