ಮೊಂಟಾನಾದ ಕಾಂಗ್ರೆಸ್ ಕ್ಷೇತ್ರಗಳ ಬದಲಾವಣೆಯನ್ನು ಗುರುತಿಸುವ ಬಗೆ

ಅಮೆರಿಕದ ಒಂದು ರಾಜ್ಯದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಕ್ಷೇತ್ರಗಳು ಕಾಲಕಾಲಕ್ಕೆ ಹೇಗೆ ಬದಲಾದವೆಂದು ತಿಳಿಯಹೊರಟವರು ಸಾಮಾನ್ಯವಾಗಿ ನಕಾಶೆಯನ್ನೇ ಮೊದಲು ತೆರೆಯುತ್ತಾರೆ. ಅದಕ್ಕೂ ಮುನ್ನ, ಪ್ರತಿ ಜನಗಣತಿಯ ನಂತರ ಆ ರಾಜ್ಯಕ್ಕೆ ಕಾಂಗ್ರೆಸ್ಸಿನ ಕೆಳಮನೆಯಾದ ಜನಪ್ರತಿನಿಧಿ ಸಭೆಯಲ್ಲಿ ಎಷ್ಟು ಸ್ಥಾನಗಳು ದೊರೆತವು ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇದನ್ನು ಕಲಿಯಲು ಮೊಂಟಾನಾ ಬಹಳ ಅನುಕೂಲವಾದ ರಾಜ್ಯ; ಅದರ ಸ್ಥಾನಗಳು ಒಂದರಿಂದ ಎರಡಕ್ಕೆ ಏರಿ, ಮತ್ತೆ ಒಂದಕ್ಕೆ ಇಳಿದು, ಈಗ ಪುನಃ ಎರಡಾಗಿವೆ.

ಸ್ಥಾನಗಳ ಪಟ್ಟಿ ಮಾಡುವಾಗ ವರ್ಷಗಳ ಬಗ್ಗೆ ಎಚ್ಚರ ಬೇಕು. 1990ರ ಜನಗಣತಿಯ ಫಲ 1992ರ ಚುನಾವಣೆಯಲ್ಲಿ ಕಾಣಿಸಿಕೊಂಡು, 1993ರ ಜನವರಿಯಲ್ಲಿ ಸೇರಿದ ಸಭೆಯಲ್ಲಿ ಜಾರಿಗೆ ಬಂದಿತು. 1920ರ ಜನಗಣತಿಯ ಆಧಾರದ ಮೇಲೆ ಸ್ಥಾನಗಳ ಮರುಹಂಚಿಕೆಯೇ ನಡೆಯಲಿಲ್ಲವಾದ್ದರಿಂದ ಆ ದಶಕಕ್ಕೆ ಹಳೆಯ ಸಂಖ್ಯೆಯನ್ನೇ ಮುಂದುವರಿಸಬೇಕು.

ಎರಡನೆಯದಾಗಿ, ಆ ಸ್ಥಾನಗಳಿಗೆ ಚುನಾವಣೆ ನಡೆದ ರೀತಿಯನ್ನು ಪರಿಶೀಲಿಸಬೇಕು, ಏಕೆಂದರೆ ಎರಡು ಸ್ಥಾನಗಳಿದ್ದ ಮಾತ್ರಕ್ಕೆ ಎರಡು ಕ್ಷೇತ್ರಗಳಿದ್ದವೆಂದು ಹೇಳಲಾಗದು. 1910ರ ಜನಗಣತಿಯ ನಂತರ ಮೊಂಟಾನಾಕ್ಕೆ ಎರಡು ಸ್ಥಾನಗಳು ಸಿಕ್ಕರೂ, ಮೊದಲ ಕೆಲವು ಚುನಾವಣೆಗಳಲ್ಲಿ ಇಡೀ ರಾಜ್ಯದ ಮತದಾರರು ಇಬ್ಬರನ್ನೂ ಒಟ್ಟಾಗಿಯೇ ಆರಿಸಿದರು. ಕಾಂಗ್ರೆಸ್ಸಿನ ಮೊದಲ ಮಹಿಳಾ ಸದಸ್ಯೆ ಜೆನೆಟ್ ರ್‍ಯಾಂಕಿನ್ 1916ರಲ್ಲಿ ಗೆದ್ದದ್ದು ಹೀಗೆಯೇ. 1918ರ ಹೊತ್ತಿಗೆ ರಾಜ್ಯವನ್ನು ಪಶ್ಚಿಮ ಮತ್ತು ಪೂರ್ವವಾಗಿ ಒಡೆದಾಗ ಅವರ ಊರು ಮಿಸೌಲಾ ಪಶ್ಚಿಮದ ಪಾಲಾಯಿತು. ಅವರು ಆ ಕ್ಷೇತ್ರದ ಬದಲು ಮೇಲ್ಮನೆಯಾದ ಸೆನೆಟ್‌ನ ಸ್ಥಾನಕ್ಕೆ ಪ್ರಯತ್ನಿಸಿ ಸೋತರು. 1940ರಲ್ಲಿ ಅವರು ಮತ್ತೆ ಗೆದ್ದುಬಂದದ್ದು ಪಶ್ಚಿಮದ 1ನೇ ಕ್ಷೇತ್ರದಿಂದ. ಎರಡೂ ಗೆಲುವುಗಳನ್ನು ಒಂದೇ ಕ್ಷೇತ್ರದ ಲೆಕ್ಕಕ್ಕೆ ಸೇರಿಸಿದರೆ ಇತಿಹಾಸವೇ ತಪ್ಪುತ್ತದೆ.

ಗಡಿಗಳನ್ನು ಹಿಡಿಯಲು ಕೌಂಟಿಗಳ (ರಾಜ್ಯದೊಳಗಿನ ಜಿಲ್ಲೆಯಂಥ ಆಡಳಿತ ವಿಭಾಗಗಳ) ಪಟ್ಟಿಯೇ ನಂಬಿಕಸ್ಥ ಸಾಧನ. ಮೊಂಟಾನಾದ 56 ಕೌಂಟಿಗಳ ಮುಂದೆ ಆಯಾ ಚುನಾವಣೆಯ ಕ್ಷೇತ್ರಸಂಖ್ಯೆಯನ್ನು ಬರೆಯುತ್ತ ಹೋದರೆ, ಸಂಖ್ಯೆ ಅದೇ ಉಳಿದು ನೆಲ ಬದಲಾದದ್ದು ಕಣ್ಣಿಗೆ ಬೀಳುತ್ತದೆ: 1992ಕ್ಕೆ ಮೊದಲು 1ನೇ ಕ್ಷೇತ್ರದಲ್ಲಿದ್ದ ರಾಜಧಾನಿ ಹೆಲೆನಾ ಈಗ 2ನೆಯದರಲ್ಲಿದೆ. 2021ರ ವಿಂಗಡಣೆಯಲ್ಲಿ ಪಾಂಡೆರಾ ಕೌಂಟಿ ಮಾತ್ರ ಎರಡು ಕ್ಷೇತ್ರಗಳಿಗೆ ಹಂಚಿಹೋಯಿತು. ಕ್ಷೇತ್ರಗಳ ಜನಸಂಖ್ಯೆ ಸಾಧ್ಯವಾದಷ್ಟು ಸಮನಾಗಿರಬೇಕೆಂದು ಸುಪ್ರೀಂ ಕೋರ್ಟ್ 1964ರ ವೆಸ್‌ಬೆರಿ ಪ್ರಕರಣದಲ್ಲಿ ಹೇಳಿತಾದ್ದರಿಂದ, ಯಾವ ರಾಜ್ಯವಾದರೂ ಆ ವರ್ಷದ ಹಿಂದಿನ ಮತ್ತು ಮುಂದಿನ ಗಡಿಗಳನ್ನು ಹೋಲಿಸಿ ನೋಡಲೇಬೇಕು.

1990ರ ಜನಗಣತಿಯ ನಂತರ ಮೊಂಟಾನಾ ಒಂದು ಸ್ಥಾನ ಕಳೆದುಕೊಂಡ ಘಟ್ಟದಲ್ಲಿ ತುಸು ನಿಲ್ಲಬೇಕು. ಸುಮಾರು 8 ಲಕ್ಷ ಜನರಿಗೆ ಒಬ್ಬನೇ ಪ್ರತಿನಿಧಿ ಎಂಬುದನ್ನು ಮೊಂಟಾನಾ ಕೋರ್ಟಿನಲ್ಲಿ ಪ್ರಶ್ನಿಸಿತು. 1992ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸ್ಥಾನ ಹಂಚುವ ಸೂತ್ರವನ್ನು ಎತ್ತಿಹಿಡಿಯಿತು. ಅದೇ ವರ್ಷ, ಉಳಿದ ಒಂದು ಸ್ಥಾನಕ್ಕಾಗಿ ಹಾಲಿ ಸದಸ್ಯರಿಬ್ಬರು ಎದುರುಬದುರಾಗಿ, ಪ್ಯಾಟ್ ವಿಲಿಯಮ್ಸ್ ಅವರು ರಾನ್ ಮಾರ್ಲೆನಿ ಅವರನ್ನು ಸೋಲಿಸಿದರು. ಕೈತಪ್ಪಿದ ಸ್ಥಾನ ಮರಳಿದ್ದು 2020ರ ಜನಗಣತಿಯಿಂದ.

ಕೊನೆಗೆ, ಗೆರೆ ಎಳೆದವರು ಯಾರೆಂದು ನಮೂದಿಸಿ. ಮೊಂಟಾನಾದಲ್ಲಿ ಈ ಕೆಲಸ ಐವರು ಸದಸ್ಯರ ಆಯೋಗದ್ದು. ಶಾಸಕಾಂಗವೇ ಗೆರೆ ಎಳೆಯುವ ರಾಜ್ಯಗಳಲ್ಲಿ ನಕಾಶೆ ಕೋರ್ಟಿನ ಮೆಟ್ಟಿಲೇರುವುದು ಅಪರೂಪವಲ್ಲ. ನಾರ್ತ್ ಕೆರೊಲಿನಾದಲ್ಲಿ 2018, 2020, 2022 ಮತ್ತು 2024ರ ಚುನಾವಣೆಗಳು ಬೇರೆ ಬೇರೆ ನಕಾಶೆಗಳ ಮೇಲೆ ನಡೆದವು. ಅಂಥ ರಾಜ್ಯಕ್ಕೆ ದಶಕಕ್ಕೊಂದರಂತೆ ಅಲ್ಲ, ಚುನಾವಣೆಗೊಂದರಂತೆ ಪಟ್ಟಿ ಮಾಡಬೇಕಾಗುತ್ತದೆ.