‘ಡ್ರಾ’ ಎಂಬ ಕ್ರಿಯಾಪದ ಎದುರಾದಾಗ: ಏನನ್ನು, ಎಲ್ಲಿಂದ, ಎಲ್ಲಿಗೆ?

ಅನುವಾದಗಳನ್ನು ತಿದ್ದುವುದು ನನ್ನ ಕೆಲಸ. ಒಮ್ಮೆ ಒಂದು ಕಥೆಯ ಕರಡಿನಲ್ಲಿ ‘ಅವಳು ಪರದೆಗಳನ್ನು ಬರೆದಳು’ ಎಂಬ ಸಾಲು ಸಿಕ್ಕಿತು. ಮೂಲ ತೆಗೆದು ನೋಡಿದರೆ ‘ಷೀ ಡ್ರೂ ದ ಕರ್ಟನ್ಸ್’. ‘ಡ್ರಾ’ ಎಂದರೆ ಚಿತ್ರ ಬರೆಯುವುದು ಎಂದು ಶಾಲೆಯಲ್ಲಿ ಕಲಿತ ಅರ್ಥವೇ ಅಲ್ಲಿ ಬಂದು ಕೂತಿತ್ತು. ನಾನು ‘ಪರದೆ ತೆರೆದಳು’ ಎಂದು ತಿದ್ದಿ ಮುಂದೆ ಹೋದೆ. ಮರುದಿನ ಇನ್ನೊಮ್ಮೆ ಓದುವಾಗ ಕೈ ನಿಂತಿತು. ಮುಂದಿನ ಸಾಲಿನಲ್ಲೇ ಕೋಣೆ ಕತ್ತಲಾಗುತ್ತದೆ, ಅವಳು ದೀಪ ಹಚ್ಚುತ್ತಾಳೆ. ಅವಳು ಪರದೆ ಮುಚ್ಚಿದ್ದಳು. ಇಂಗ್ಲಿಷಿನ ಆ ವಾಕ್ಯ ತೆರೆಯುವುದಕ್ಕೂ ಸಲ್ಲುತ್ತದೆ, ಮುಚ್ಚುವುದಕ್ಕೂ ಸಲ್ಲುತ್ತದೆ. ಯಾವುದೆಂದು ಹೇಳುವುದು ಅಕ್ಕಪಕ್ಕದ ಸಾಲು ಮಾತ್ರ. ಅಂದಿನಿಂದ ಈ ಕ್ರಿಯಾಪದ ಕಂಡಲ್ಲೆಲ್ಲ ಅವಸರ ಮಾಡುವುದನ್ನು ಬಿಟ್ಟಿದ್ದೇನೆ.

ಮೊದಲು ಬೇರನ್ನು ಹಿಡಿಯಿರಿ. ಹಳೆಯ ಇಂಗ್ಲಿಷಿನ ‘ಡ್ರಾಗನ್’ ಎಂಬ ಕ್ರಿಯಾಪದದಿಂದ ಇದು ಬಂದದ್ದು. ಬೆಂಕಿಯುಗುಳುವ ಪ್ರಾಣಿಗೂ ಇದಕ್ಕೂ ನಂಟಿಲ್ಲ. ಅರ್ಥ ‘ಎಳೆ’. ಮೇಜಿನಿಂದ ಎಳೆಯುವ ಪೆಟ್ಟಿಗೆ ‘ಡ್ರಾಯರ್’ ಆದದ್ದು ಹಾಗೆಯೇ. ‘ಡ್ರಾಯಿಂಗ್ ರೂಮ್’ ಮಾತ್ರ ಚಿತ್ರದ ಕೋಣೆಯಲ್ಲ. ಅದು ‘ವಿತ್‌ಡ್ರಾಯಿಂಗ್ ರೂಮ್’ ಎಂಬುದರ ಮೊಟಕು ರೂಪ, ಜನ ಹಿಂದೆ ಸರಿದು ಕೂರುವ ಕೋಣೆ. ಚಿತ್ರದ ಅರ್ಥವೂ ಎಳೆತದಿಂದಲೇ ಹುಟ್ಟಿತು, ಕಾಗದದ ಮೇಲೆ ಲೇಖನಿಯನ್ನು ಎಳೆಯುವುದರಿಂದ. ನಾವೂ ‘ಗೆರೆ ಎಳೆ’ ಎಂದೇ ಹೇಳುತ್ತೇವಲ್ಲ.

ಹಾಗಾಗಿ ‘ಡ್ರಾ’ ಬಂದಾಗ ನಿಘಂಟು ತೆಗೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಏನನ್ನು ಎಳೆಯುತ್ತಿದ್ದಾರೆ, ಎಲ್ಲಿಂದ, ಎಲ್ಲಿಗೆ? ಉತ್ತರ ಸಿಕ್ಕಿತೆಂದರೆ ಕನ್ನಡದ ಮಾತು ತಾನಾಗಿ ಬಾಯಿಗೆ ಬರುತ್ತದೆ, ಏಕೆಂದರೆ ಎಳೆತದ ವಿಷಯದಲ್ಲಿ ನಮ್ಮ ಭಾಷೆ ಬಹಳ ಶ್ರೀಮಂತ. ಬಾವಿಯಿಂದ ಮೇಲಕ್ಕೆ ನೀರಾದರೆ ‘ಸೇದು’. ಒರೆಯಿಂದ ಹೊರಕ್ಕೆ ಕತ್ತಿಯಾದರೆ ‘ಹಿರಿ’. ಬೇರೆಯವರ ಗಮನ ನಮ್ಮ ಕಡೆಗಾದರೆ ‘ಸೆಳೆ’. ಉಸಿರು ಒಳಕ್ಕಾದರೆ ‘ಎಳೆದುಕೊ’. ಖಾತೆಯಿಂದ ಹಣವಾದರೆ ‘ತೆಗೆ’. ಸಿಗರೇಟಿನ ವಿಷಯದಲ್ಲಿ ಎರಡು ಭಾಷೆಗಳೂ ಒಂದೇ ದಾರಿ ಹಿಡಿದಿವೆ: ಅವರು ‘ಡ್ರಾ ಆನ್’ ಎನ್ನುತ್ತಾರೆ, ನಾವು ಸೇದುತ್ತೇವೆ.

ನನಗೆ ಅತ್ಯಂತ ಇಷ್ಟವಾದದ್ದು ‘ಡ್ರಾ ಎ ಕನ್‌ಕ್ಲೂಷನ್’. ಇದನ್ನು ಅನೇಕರು ‘ತೀರ್ಮಾನವನ್ನು ಸೆಳೆದರು’ ಎಂದು ಬರೆಯುತ್ತಾರೆ, ಕಿವಿಗೆ ನಾಟುವಂತಿರುತ್ತದೆ. ನಾವು ತೀರ್ಮಾನಕ್ಕೆ ಬರುತ್ತೇವೆ. ಆದರೆ ‘ನಿಷ್ಕರ್ಷೆ’ ಎಂಬ ಪದವನ್ನು ಬಿಡಿಸಿ ನೋಡಿ. ‘ಕೃಷ್’ ಎಂದರೆ ಎಳೆ, ‘ನಿಷ್’ ಎಂದರೆ ಹೊರಕ್ಕೆ. ಸಂಗತಿಗಳ ಒಳಗಿಂದ ಸಾರವನ್ನು ಹೊರಗೆಳೆಯುವುದೇ ನಿಷ್ಕರ್ಷೆ. ಅದೇ ಧಾತುವಿನಿಂದ ‘ಆಕರ್ಷಣೆ’ ಬಂತು, ನೇಗಿಲು ಎಳೆಯುವ ‘ಕೃಷಿ’ಯೂ ಬಂತು. ಇಂಗ್ಲಿಷಿನಲ್ಲಿ ಇದೇ ಆಟವನ್ನು ಲ್ಯಾಟಿನ್ ಆಡಿದೆ. ‘ಟ್ರಹೆರೆ’ ಎಂದರೆ ಎಳೆ. ಅದರ ಮಕ್ಕಳೇ ‘ಅಟ್ರಾಕ್ಟ್’, ‘ಎಕ್ಸ್‌ಟ್ರಾಕ್ಟ್’, ‘ಟ್ರೇಸ್’, ಹೊಲದ ‘ಟ್ರಾಕ್ಟರ್’ ಕೂಡ. ನೀವು ‘ಡ್ರಾ’ಗೆ ಸಮಾನಾರ್ಥಕ ಹುಡುಕಿದಾಗ ಸಿಗುವ ಅರ್ಧ ಪದಗಳು ಹೀಗೆ ಅದೇ ಅರ್ಥದ ಲ್ಯಾಟಿನ್ ವೇಷಗಳು.

ಹಾಗೆಂದು ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ‘ಪುಲ್’ನಲ್ಲಿ ತೋಳಿನ ಬಲವಿದೆ. ‘ಡ್ರಾಗ್’ನಲ್ಲಿ ಭಾರವಿದೆ, ವಸ್ತು ನೆಲಕ್ಕೆ ಉಜ್ಜುತ್ತ ಬರುತ್ತದೆ, ಬರಲು ಒಲ್ಲೆನೆನ್ನುತ್ತದೆ. ‘ಡ್ರಾ’ ಸಮವಾದ, ತಡೆಯಿಲ್ಲದ ಎಳೆತ. ಕುರ್ಚಿಯನ್ನು ಮೇಜಿನ ಹತ್ತಿರ ‘ಡ್ರಾ’ ಮಾಡಿದರೆ ಮೆಲ್ಲಗೆ ಎಳೆದುಕೊಂಡರು ಎಂದರ್ಥ, ‘ಡ್ರಾಗ್’ ಮಾಡಿದರೆ ಕರ್ರೆಂದು ಸದ್ದಾಯಿತು. ಒಬ್ಬನಿಂದ ಮಾತು ‘ಡ್ರಾ ಔಟ್’ ಮಾಡಿದರೆ ಅವನ ಸಂಕೋಚ ಬಿಡಿಸಿ ಮಾತಾಡಿಸಿದಂತೆ. ತಪ್ಪೊಪ್ಪಿಗೆಯನ್ನು ‘ಎಕ್ಸ್‌ಟ್ರಾಕ್ಟ್’ ಮಾಡಿದರೆ ಅಲ್ಲಿ ಒತ್ತಡ ಬಂತು. ಪಿಸ್ತೂಲನ್ನು ‘ಡ್ರಾ’ ಮಾಡಿದವನು ಅದನ್ನು ಹೊರತೆಗೆದಿದ್ದಾನೆ ಅಷ್ಟೆ, ಗುಂಡು ಹಾರಿಸಿಲ್ಲ. ಪತ್ತೇದಾರಿ ಕಥೆಯ ಅನುವಾದಗಳಲ್ಲಿ ಈ ತಪ್ಪಿನಿಂದ ಬದುಕಿದ್ದವರು ಒಂದು ಅಧ್ಯಾಯ ಮುಂಚೆಯೇ ಸತ್ತದ್ದನ್ನು ನಾನು ತಿದ್ದಿದ್ದೇನೆ.

ಚಿತ್ರದ ಕಡೆಗೆ ಬಂದರೆ ಎಚ್ಚರ ತಿರುಗುಮುರುಗಾಗಿ ಬೇಕು. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಅದೇ ರೂಢಿಯಲ್ಲಿ ಇಂಗ್ಲಿಷ್ ಬರೆಯುವಾಗ ಚಿತ್ರಕ್ಕೆ ‘ರೈಟ್’ ಬಳಸಿಬಿಡುತ್ತೇವೆ. ಗೆರೆಗಳಲ್ಲಿ ಮೂಡಿದ್ದು ‘ಡ್ರಾ’, ಬಣ್ಣದಲ್ಲಿ ಮೂಡಿದ್ದು ‘ಪೇಂಟ್’, ಬೇಗ ಬೇಗ ಮೂಡಿಸಿದ ಹೊರರೇಖೆ ‘ಸ್ಕೆಚ್’, ಇರುವ ಗೆರೆಯ ಮೇಲೆಯೇ ನಡೆದದ್ದು ‘ಟ್ರೇಸ್’.

ಹೆಚ್ಚು ಜನ ಎಡವುವುದು ಹಿಂದೆ ಅಂಟಿಕೊಳ್ಳುವ ಸಣ್ಣ ಪದಗಳಲ್ಲಿ. ಕಾರು ಬಾಗಿಲೆದುರು ‘ಡ್ರೂ ಅಪ್’ ಎಂದರೆ ಬಂದು ನಿಂತಿತು. ವಕೀಲರು ಕರಾರನ್ನು ‘ಡ್ರೂ ಅಪ್’ ಎಂದರೆ ಕರಡು ಸಿದ್ಧಪಡಿಸಿದರು. ಎರಡೂ ಒಂದೇ ಪುಟದಲ್ಲಿ ಬರಬಹುದು. ತನ್ನ ಅನುಭವದ ಮೇಲೆ ‘ಡ್ರಾ’ ಮಾಡಿದಳು ಎಂದರೆ ಅನುಭವದ ಮೇಲೆ ಏನನ್ನೂ ಬರೆಯಲಿಲ್ಲ, ಅದರಿಂದ ಮೊಗೆದುಕೊಂಡಳು. ‘ಮೊಗೆದುಕೊ’ ಎಂಬ ಮಾತು ಇಲ್ಲಿ ಎಷ್ಟು ಚೆನ್ನಾಗಿ ಒದಗುತ್ತದೆ ನೋಡಿ. ‘ಡ್ರಾ ನಿಯರ್’ ಎಂದರೆ ಸಮೀಪಿಸು. ‘ಡ್ರಾ ಎ ಬ್ಲಾಂಕ್’ ಎಂದರೆ ಹುಡುಕಿಯೂ ಏನೂ ಸಿಗದಿರುವುದು. ಚೀಟಿ ಎತ್ತುವಾಗ ಬರಿ ಚೀಟಿ ಕೈಗೆ ಬಂದಂತೆ ಎಂದು ನೆನಪಿಟ್ಟುಕೊಳ್ಳಿ.

ಕ್ರಿಕೆಟ್ಟಿನಲ್ಲಿ ‘ಡ್ರಾ’ವನ್ನು ‘ಸಮಬಲ’ ಎಂದು ಬರೆದರೆ ಇನ್ನೊಂದು ಪದಕ್ಕೆ ಅನ್ಯಾಯವಾಗುತ್ತದೆ. ಕಾಲ ಮುಗಿದು ಫಲಿತಾಂಶ ಬಾರದೆ ಉಳಿದದ್ದು ಡ್ರಾ. ಕೊನೆಯ ಇನಿಂಗ್ಸ್ ಮುಗಿದಾಗ ಎರಡೂ ತಂಡಗಳ ಒಟ್ಟು ಓಟಗಳು ಸಮನಾಗಿದ್ದರೆ ಟೈ, 1960ರ ಬ್ರಿಸ್ಬೇನ್ ಟೆಸ್ಟ್ ಮತ್ತು 1986ರ ಮದ್ರಾಸ್ ಟೆಸ್ಟಿನಲ್ಲಿ ಆದಂತೆ. ಫುಟ್‌ಬಾಲಿನಲ್ಲಿ ಮಾತ್ರ ಗೋಲು ಸಮನಾದರೂ ಡ್ರಾ ಎಂದೇ ಕರೆಯುತ್ತಾರೆ.

ರೂಪಗಳು ಮೂರೇ: ಡ್ರಾ, ಡ್ರೂ, ಡ್ರಾನ್. ಕೊನೆಯದು ಮುಖದ ವಿಶೇಷಣವಾಗಿ ಬಂದರೆ ‘ಎಳೆದ ಮುಖ’ ಅಲ್ಲ, ದಣಿವಿಗೋ ಚಿಂತೆಗೋ ಸೊರಗಿದ ಮುಖ.

ನನ್ನ ಮೇಜಿನ ಮೇಲಿನ ಟಿಪ್ಪಣಿ ಪುಸ್ತಕದಲ್ಲಿ ‘ಡ್ರಾ’ಗೆ ನಾಲ್ಕು ಪುಟ ಮೀಸಲಿದೆ. ಅರ್ಥಗಳನ್ನಲ್ಲ, ಇಡೀ ವಾಕ್ಯಗಳನ್ನು ಬರೆದಿಟ್ಟಿದ್ದೇನೆ, ಹಿಂದಿನ ಮತ್ತು ಮುಂದಿನ ಸಾಲಿನ ಸಮೇತ. ಮೊದಲ ಪುಟದ ಮೊದಲ ವಾಕ್ಯ ಆ ಪರದೆಯದು. ಅದರ ಕೆಳಗೇ, ದೀಪ ಹಚ್ಚಿದ ಸಾಲು.